ಬುಟ್ಟಿ ಹೊತ್ತವರಷ್ಟೇ ಅಲ್ಲ, ಬರೆದವರೂ ಕಾಣಲಿ

ಮಾನ್ಯ ಸಂಪಾದಕರೇ,

ಭೂಮಿ ಹುಣ್ಣಿಮೆ ಬಂತೆಂದರೆ ಪತ್ರಿಕೆಗಳಲ್ಲಿ ಭೂಮಣ್ಣಿ ಬುಟ್ಟಿ (ಹಬ್ಬಕ್ಕೆಂದು ಚಿತ್ತಾರ ಬರೆದ ಬುಟ್ಟಿ) ಹೊತ್ತು ಗದ್ದೆಗೆ ಹೊರಟ ಗಂಡಸರ ಚಿತ್ರ ತಪ್ಪದೆ ಬರುತ್ತದೆ. ಆ ಬುಟ್ಟಿ ಬರೆದ, ರಾತ್ರಿಯಿಡೀ ನಿದ್ದೆಗೆಟ್ಟು ಗದ್ದೆಗೆ ಬೀರುವ ಚರಗ ಬೇಯಿಸಿದ, ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮಾತ್ರ ಕಾಣುವುದಿಲ್ಲ. ಹೊಡೆ ತುಂಬಿ ಬಸುರಾದ ಭತ್ತಕ್ಕೆ ಬಯಕೆಯೂಟ ಬಡಿಸುವ ಈ ವಿಧಿ ಇಂದಿಗೂ ಉಳಿದಿರುವುದು ಅವರಿಂದ.

ಬುಟ್ಟಿಯ ಕೆಲಸ ದಸರೆಯ ಹೊತ್ತಿಗೇ ಶುರು. ಮೊದಲು ಸಗಣಿ ಸಾರಿಸಿ ಹೆಣಿಗೆಯ ಸಂದು ಮುಚ್ಚಬೇಕು. ಅದು ಪೂರ್ತಿ ಒಣಗುವ ಮೊದಲೇ ಕೆಮ್ಮಣ್ಣು ಬಳಿದರೆ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಆಮೇಲೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ತುದಿ ಜಜ್ಜಿದ ಪುಂಡಿ ನಾರಿನಲ್ಲಿ ಎಳೆ ಎಳೆಯಬೇಕು. ಹಸಿಯಿದ್ದಾಗ ಗೆರೆ ಮಂಕು, ಒಣಗುತ್ತಾ ಬೆಳ್ಳಗಾಗುತ್ತದೆ. ಇದನ್ನು ತಿಳಿಯದ ಹೊಸಬರು ಅದರ ಮೇಲೇ ಮತ್ತೆ ಎಳೆಯುತ್ತಾರೆ. ದಪ್ಪವಾದ ಗೆರೆ ಒಣಗಿದ ಮೇಲೆ ಉದುರುತ್ತದೆ. ಅಂಗಡಿಯ ಬಣ್ಣ, ಬ್ರಷ್ ಕೊಟ್ಟು ನಡೆಸುವ ಒಂದು ದಿನದ ಶಿಬಿರದಲ್ಲಿ ಇದ್ಯಾವುದನ್ನೂ ಕಲಿಯಲಾಗದು.

ಚರಗಕ್ಕೆ 'ನೂರೊಂದು ಕುಡಿ' ಎನ್ನುವ ಮಾತಿದೆ. ಹರಿವೆ, ಕೆಸುವಿನ ಜೊತೆಗೆ ಗುಡ್ಡ, ಬೇಲಿ, ಗದ್ದೆಯ ಬದುವಿನ ಸೊಪ್ಪುಗಳೂ ಬೇಕು. ಯಾವ ಕುಡಿ ತಿನ್ನಬಹುದು, ಯಾವುದು ನಂಜು ಎಂಬ ಅರಿವು ಅತ್ತೆಯಿಂದ ಸೊಸೆಗೆ ಸೊಪ್ಪು ಕೊಯ್ಯುತ್ತಲೇ ದಾಟುವಂಥದ್ದು. ಬದುವಿಗೆ ಕಳೆನಾಶಕ ಹೊಡೆದ ಕಡೆ ಸೊಪ್ಪೂ ಇಲ್ಲ, ತೋರಿಸಿಕೊಡುವ ಸಂದರ್ಭವೂ ಇಲ್ಲ.

ಹಾಡಿನ ದಾಖಲಾತಿ ಇದಕ್ಕಿಂತ ಹದಗೆಟ್ಟಿದೆ. ಹೆಂಗಸರು ಗುಂಪಾಗಿ ಹಾಡುವ ಸೋಬಾನೆಯಲ್ಲಿ ಒಬ್ಬರೋ ಇಬ್ಬರೋ ಸೊಲ್ಲೆತ್ತಿದರೆ ಉಳಿದವರು ಅದೇ ಸಾಲನ್ನು ಹಿಂದಿನಿಂದ ಹೇಳುತ್ತಾರೆ. ಆ ಬಿಡುವಿನಲ್ಲೇ ಮುಂದಾಳಿಗೆ ಮುಂದಿನ ಸಾಲು ಹೊಳೆಯುವುದು. ಒಬ್ಬ ಅಜ್ಜಿಯನ್ನು ಮೈಕಿನ ಮುಂದೆ ಕೂರಿಸಿ 'ಹೇಳಿ' ಎಂದರೆ ನಾಲ್ಕನೇ ನುಡಿಗೇ ತಡವರಿಸುತ್ತಾರೆ. ದಾಖಲಿಸಲು ಬಂದವರು 'ಅವರಿಗೆ ಮರೆತಿದೆ' ಎಂದು ಬರೆದುಕೊಂಡು ಹೋಗುತ್ತಾರೆ. ಮರೆತಿಲ್ಲ, ಜೊತೆಗಾತಿ ಇಲ್ಲ ಅಷ್ಟೆ. ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ನಮಗೆಲ್ಲ ಹೆಮ್ಮೆ. ಆದರೆ ಇಂಥ ಹಾಡುಗಾರ್ತಿಯರ ಜೊತೆ ಸೊಲ್ಲು ಹಿಡಿಯುವ ಹೆಂಗಸರ ಹೆಸರನ್ನೂ ಬರೆದಿಡುವ ರೂಢಿ ನಮ್ಮಲ್ಲಿ ಬರಬೇಕು.

ಸಂಸ್ಕೃತಿ ಇಲಾಖೆ, ಅಕಾಡೆಮಿಗಳು ವೇದಿಕೆಯ ಹತ್ತು ನಿಮಿಷಕ್ಕೆ ಹಾಡು ಕತ್ತರಿಸುವುದನ್ನು ಬಿಡಲಿ. ಮೇಳ ಸಮೇತ, ಕೆಲಸ ನಡೆಯುವ ಮನೆಯಲ್ಲೇ, ಮೊದಲಿನಿಂದ ಕೊನೆಯವರೆಗೆ ಧ್ವನಿಮುದ್ರಿಸಲಿ. ಕಲಿಸುವ ಹೆಂಗಸರಿಗೆ ಶಾಲು, ಹಾರದ ಬದಲು ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವಷ್ಟೇ ಗೌರವಧನ ಕೊಡಲಿ.

ನಿಮ್ಮಲ್ಲೂ ಒಂದು ವಿನಂತಿ. ಈ ಸಲ ವರದಿಗಾರರನ್ನು ಹುಣ್ಣಿಮೆಯ ಹಿಂದಿನ ಸಂಜೆಯೇ ಕಳಿಸಿ. ನಸುಕಿನಲ್ಲಿ ಗದ್ದೆಗೆ ಬಂದರೆ ಅರ್ಧಕ್ಕಿಂತ ಹೆಚ್ಚು ಹಬ್ಬ ಒಲೆಯ ಮುಂದೆಯೇ ಮುಗಿದಿರುತ್ತದೆ.

– ಚಿತ್ತಾರ ಆಸಕ್ತರು, ಸಾಗರ