ಒಂದೇ ಚಿತ್ರದ ಎರಡು ಪ್ರತಿಗೆ ಸ್ಟೀರಿಯೊ ಎನ್ನಬೇಡಿ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸೂಕ್ಷ್ಮದರ್ಶಕದ ತ್ರೀಡಿ ಕ್ಯಾಮೆರಾ ಕಿಟ್ ಹಿಂಪಡೆದು ಹಣ ಮರಳಿಸುವ ಬಗ್ಗೆ

ಮಾನ್ಯರೇ,

ಕೊಳದ ನೀರಿನ ಸೂಕ್ಷ್ಮಜೀವಿಗಳನ್ನು ತ್ರೀಡಿಯಲ್ಲಿ ಸೆರೆಹಿಡಿಯಬಹುದೆಂಬ ನಿಮ್ಮ ಜಾಹೀರಾತು ನೋಡಿ ಈ ಕಿಟ್ ತರಿಸಿಕೊಂಡೆ. ಬಂದದ್ದು ಐಪೀಸ್‌ಗೊಂದರಂತೆ (ಕಣ್ಣಿಟ್ಟು ನೋಡುವ ಮಸೂರಕ್ಕೊಂದರಂತೆ) ಎರಡು ಕ್ಯಾಮೆರಾ, ಒಂದು ತಂತ್ರಾಂಶ, ಒಂದು ಕೆಂಪು-ನೀಲಿ ಕನ್ನಡಕ. ಕನ್ನಡಕದ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಚಿತ್ರಗಳದ್ದು. ಅವುಗಳಲ್ಲಿ ಆಳವೇ ಇಲ್ಲ. ಪರೀಕ್ಷೆಗೆ ವಾಲ್ವಾಕ್ಸ್ ಎಂಬ ಪಾಚಿ ಇಟ್ಟೆ. ಅರ್ಧ ಮಿಲಿಮೀಟರ್ ಆಸುಪಾಸಿನ ಹಸಿರು ಗೋಳ; ಜೀವಕೋಶಗಳು ಹೊರಮೈಯಲ್ಲಿ, ಮರಿ ಗೋಳಗಳು ಒಳಗೆ. ಎಡ-ಬಲ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಮೇಲ್ಮೈಯ ಕೋಶಗಳು ಎಷ್ಟು ಸರಿದಿವೆಯೋ ಒಳಗಿನ ಮರಿಗಳೂ ಅಷ್ಟೇ ಸರಿದಿವೆ. ಕವರ್ ಗಾಜಿನ ಮೇಲೆ ಮಸುಕಾಗಿ ಕಾಣುವ ಧೂಳಿನ ಕಣವೂ ಅಷ್ಟೇ! ಹತ್ತಿರದ್ದೂ ದೂರದ್ದೂ ಬೇರೆ ಬೇರೆ ಪ್ರಮಾಣದಲ್ಲಿ ಸರಿದರೆ ತಾನೆ ಮೆದುಳಿಗೆ ಆಳ ಗೊತ್ತಾಗುವುದು? ಬ್ರಿಟಿಷ್ ವಿಜ್ಞಾನಿ ವೀಟ್‌ಸ್ಟೋನ್ 1838ರಲ್ಲೇ ತೋರಿಸಿಕೊಟ್ಟ ಸಂಗತಿಯಿದು. ನಿಮ್ಮ ತಂತ್ರಾಂಶ ಇಡೀ ಚಿತ್ರವನ್ನು ಪಕ್ಕಕ್ಕೆ ತಳ್ಳುತ್ತಿದೆ, ಅಷ್ಟೇ.

ದೂರಿದಾಗ ಸಿಕ್ಕ ಉತ್ತರ: ‘ಕೆಲವರ ಕಣ್ಣಿಗೆ ತ್ರೀಡಿ ಕಾಣುವುದಿಲ್ಲ.’ ಗ್ರೀನೋ ಮಾದರಿಯ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ಡ್ಯಾಫ್ನಿಯಾ ಎಂಬ ಪುಟ್ಟ ಜಲಜೀವಿಯ ಉಬ್ಬುತಗ್ಗು ನನಗೆ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಎರಡು ಆಬ್ಜೆಕ್ಟಿವ್‌ಗಳು (ವಸ್ತುವಿನ ಕಡೆಯ ಮಸೂರಗಳು) ಬೇರೆ ಬೇರೆ ಕೋನದಿಂದ ನೋಡುತ್ತವೆ. ನಿಮ್ಮ ಕಿಟ್ ಕೂರುವ ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಆಬ್ಜೆಕ್ಟಿವ್ ಒಂದೇ. ಮೇಲಿನ ಪ್ರಿಸ್ಮ್ ಅದೇ ಬೆಳಕನ್ನು ಎರಡು ಐಪೀಸ್‌ಗಳಿಗೆ ಹಂಚುತ್ತದೆ. ಹಂಚಿದ ಮಾತ್ರಕ್ಕೆ ನೋಟದ ಕೋನ ಬದಲಾದೀತೇ? ಆಬ್ಜೆಕ್ಟಿವ್‌ನ ಎಡ ಅರ್ಧದ ಬೆಳಕು ಒಂದು ಕ್ಯಾಮೆರಾಕ್ಕೆ, ಬಲ ಅರ್ಧದ್ದು ಇನ್ನೊಂದಕ್ಕೆ ಹೋಗುವಂತೆ ತಡೆ ಇಟ್ಟಿದ್ದರೆ, ಸೂಕ್ಷ್ಮ ವಿವರ ತುಸು ಕಳೆದುಕೊಂಡರೂ, ಕೆಲಸ ಆಗುತ್ತಿತ್ತು. ಕಿಟ್‌ನಲ್ಲಿ ಅಂಥದ್ದೇನೂ ಇಲ್ಲ.

ಆಮೇಲೆ ಇನ್ನೊಂದು ಸಲಹೆ ಬಂತು: ಸ್ಲೈಡನ್ನು ಸ್ವಲ್ಪ ಓರೆ ಮಾಡಿ ಎರಡನೆಯ ಚಿತ್ರ ತೆಗೆಯಿರಿ. ಡಯಾಟಮ್ ಎಂಬ ಪಾಚಿಯ ಖಾಲಿ ಚಿಪ್ಪಿಗಾದರೆ ಸರಿ. ರೋಟಿಫರ್‌ನಂಥ ಜೀವಂತ ಸೂಕ್ಷ್ಮಪ್ರಾಣಿ ಅಲ್ಲಿಯವರೆಗೆ ಕಾದು ಕೂರುವುದಿಲ್ಲ. ಅಲ್ಲದೆ, ಹಾಗೆ ತೆಗೆಯುವುದಾದರೆ ನಿಮ್ಮ ಎರಡನೆಯ ಕ್ಯಾಮೆರಾಕ್ಕೆ ನಾನೇಕೆ ದುಡ್ಡು ಕೊಡಬೇಕಿತ್ತು?

ಪೂರ್ತಿ ಹಣ ಮರಳಿಸಿ. ವಾಪಸು ಸಾಗಣೆಯ ಖರ್ಚೂ ನಿಮ್ಮದೇ. ಜಾಹೀರಾತಿನಿಂದ ‘ತ್ರೀಡಿ’ ತೆಗೆಯಿರಿ. ಮೂಲ ಚಿತ್ರಗಳನ್ನು ಲಗತ್ತಿಸಿದ್ದೇನೆ. ನಿಮ್ಮ ತಾಂತ್ರಿಕ ವಿಭಾಗದವರು ಅವನ್ನು ತೆರೆದು ನೋಡಿ 15 ದಿನಗಳೊಳಗೆ ಲಿಖಿತ ಉತ್ತರ ಕೊಡಲಿ. ನನ್ನ ಕಣ್ಣಿನ ವಿಚಾರ ಮತ್ತೆ ಎತ್ತುವುದು ಬೇಡ.

ಇಂತಿ,
ನಿಮ್ಮ ಗ್ರಾಹಕ