"ಯಹೂದಿ ಎಂದರೆ ಯಾವ ಜಾತಿ ಸರ್?": ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ವಂದನೆಗಳು.

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ಕಳೆದ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಚೀಟಿ ಹಂಚಿ, ನಿಮ್ಮ ಮೆಚ್ಚಿನ ನಾಯಕರ ಹೆಸರು ಬರೆಯಿರಿ ಎಂದಿದ್ದೆ. ಅಂಬೇಡ್ಕರ್, ಗಾಂಧಿ, ಭಗತ್ ಸಿಂಗ್ ಎಲ್ಲರೂ ಬಂದರು. ನಾಲ್ಕು ಚೀಟಿಗಳಲ್ಲಿ ಹಿಟ್ಲರ್ ಇದ್ದ. ಅದರಲ್ಲೊಂದು ತರಗತಿಯಲ್ಲೇ ಅತಿ ಸಾಧು ಹುಡುಗಿಯದು, ಮುತ್ತು ಪೋಣಿಸಿದಂಥ ಅಕ್ಷರ. ಯಾಕಮ್ಮ ಎಂದರೆ, "ಶಿಸ್ತು ಸರ್. ಬ್ರಿಟಿಷರನ್ನೇ ನಡುಗಿಸಿದ" ಎಂದಳು. ಅವನು ಕೊಲ್ಲಿಸಿದ ಅರುವತ್ತು ಲಕ್ಷ ಯಹೂದಿಗಳ ಲೆಕ್ಕವೂ ಅವಳಿಗೆ ಬಾಯಿಪಾಠವಿತ್ತು. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಯಹೂದಿ ಎಂದರೆ ಯಾವ ಜಾತಿ ಸರ್?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಮಾತ್ರ ಹೊಳೆಯಲಿಲ್ಲ.

ಈ ನೆಲದ ಜನ ಯಹೂದಿಗಳನ್ನು ಎಂದೂ ಪೀಡಿಸಿಲ್ಲವೆಂದು ವೇದಿಕೆಗಳಲ್ಲಿ ನಾವು ಹೇಳಿಕೊಳ್ಳುವುದುಂಟು. ಬಹುಮಟ್ಟಿಗೆ ನಿಜ. ಆದರೆ ಇಡೀ ದೇಶದಲ್ಲಿ ಅವರಿರುವುದೇ ಕೆಲವು ಸಾವಿರ. ಮುಖವನ್ನೇ ನೋಡದವರ ಮೇಲೆ ನಮಗೆ ದ್ವೇಷವಿಲ್ಲ ಎಂದು ಬೀಗುವುದರಲ್ಲಿ ಏನು ದೊಡ್ಡಸ್ತಿಕೆ? ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಹಿಟ್ಲರನ ಆತ್ಮಕಥೆ, ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳ ಪಕ್ಕದಲ್ಲೇ ಕೂತಿರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಹಿಟ್ಲರ್ ಎಂದೂ ಆಡಿರದ ಹಿತವಚನ ಕಳಿಸುತ್ತಾರೆ, ಸಂಜೆ ಇಸ್ರೇಲಿನ ಬಾವುಟ. ಎರಡರ ನಡುವಿನ ವೈರ ಅವರ ಗಮನಕ್ಕೇ ಬಂದಿಲ್ಲ. ಗಾಜಾದ ಮಕ್ಕಳಿಗಾಗಿ ಮರುಗುವ ಇನ್ನೊಬ್ಬರು "ಆ ಜನವೇ ಹಾಗೆ" ಎಂದುಬಿಡುತ್ತಾರೆ. ಇಸ್ರೇಲ್ ಸರ್ಕಾರವನ್ನು ಬೈಯಲು ನನ್ನ ಬಳಿಯೂ ಕಾರಣಗಳಿವೆ, ಬೈಯುತ್ತೇನೆ. ಅದಕ್ಕೆ ಮುಂಬೈಯಲ್ಲಿ ಮರಾಠಿ ಮಾತಾಡಿಕೊಂಡಿರುವ ಯಹೂದಿ ಅಜ್ಜಿ ಏನು ಮಾಡಿಯಾಳು?

ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದೆ. ಸೋಜಿಗವೆಂದರೆ, ಪ್ರಶ್ನೆ ಅಷ್ಟೇನೂ ಪೆದ್ದಾಗಿರಲಿಲ್ಲ. ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಎಂಬ ಯಹೂದಿ ಸಮುದಾಯದವರು ಗಾಣದವರಾಗಿದ್ದರು. ಯಹೂದಿಗಳ ವಿರಾಮದ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ಊರವರು ಅವರನ್ನು "ಶನಿವಾರ ತೇಲಿ" ಎಂದು ಕರೆದರು. ಅಂದರೆ ಶನಿವಾರದ ಗಾಣಿಗರು! ಇದೇ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಬ್ರಿಟಿಷ್ ಸೇನೆಯಲ್ಲಿದ್ದು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿದ್ದ. ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತನೆಂಬುದು ಅವರ ಪ್ರತೀತಿ. ಮುಂಬೈಯಲ್ಲಿ ಅವನು 1796ರಲ್ಲಿ ಸ್ಥಾಪಿಸಿದ ಮಂದಿರ ಇಂದಿಗೂ ಇದೆ.

ಹಿಟ್ಲರನಿಂದಾಗಿ ಕೆಲಸ ಕಳೆದುಕೊಂಡ ಯಹೂದಿ ಮೂಲದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಕರೆಯ ಮೇರೆಗೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಹೆಣಗಿದರು. ಸಭೆಯಲ್ಲಿ ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು, ಸ್ವದೇಶದಿಂದ ಹೊರಹಾಕಿಸಿಕೊಂಡ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರಂತೆ. ಆ ದಿನ ಮನೆಗೆ ಹೋಗಿ ಹೆಂಡತಿಯೆದುರು ಅತ್ತುಬಿಟ್ಟೆ ಎಂದು ಬಾರ್ನ್ ಬರೆದುಕೊಂಡಿದ್ದಾರೆ. 1954ರಲ್ಲಿ ಅವರಿಗೆ ನೊಬೆಲ್ ಬಂತು, ಆ ಹೊತ್ತಿಗೆ ಅವರು ನಮ್ಮವರಾಗಿ ಉಳಿದಿರಲಿಲ್ಲ. ಅವರ ಬಂಧು ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ.

ಮಾರನೆಯ ವಾರ ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. 1937ರಲ್ಲಿ ಬ್ರಿಟನ್ನಿನ ಲಾರ್ಡ್ ಹ್ಯಾಲಿಫ್ಯಾಕ್ಸ್ ಭೇಟಿಯಾದಾಗ, ಗಾಂಧಿಯನ್ನು ಗುಂಡಿಕ್ಕಿ ಕೊಲ್ಲಿ ಎಂದು ಹಿಟ್ಲರ್ ಬುದ್ಧಿ ಹೇಳಿದ್ದನ್ನೂ ಹೇಳಿದೆ. ಮುತ್ತಿನಕ್ಷರದ ಹುಡುಗಿ, ಬಾರ್ನ್ ಅತ್ತದ್ದು ಯಾವ ಮನೆಯಲ್ಲಿ ಎಂದು ಕೇಳಿದಳು.

ಪಠ್ಯದಲ್ಲಿ ನಾಜಿಗಳ ಪ್ರಸ್ತಾಪವಿದೆ, ನನ್ನ ತಕರಾರು ಅದಲ್ಲ. ಸತ್ತವರ ಸಂಖ್ಯೆಯ ಪಕ್ಕದಲ್ಲಿ ಬದುಕಿದ ಒಬ್ಬರಾದರೂ ಇರಲಿ. ಮುಂದಿನ ಪರಿಷ್ಕರಣೆಯಲ್ಲಿ ಒಂದೇ ಒಂದು ಪುಟ ಕೊಡಿಸಿ. ಬೇಸಿಗೆಯ ಶಿಕ್ಷಕರ ತರಬೇತಿಯಲ್ಲಿ ಅರ್ಧ ದಿನ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಶಿಸ್ತಿಗೆ ಹಿಟ್ಲರನ ಉದಾಹರಣೆ ಕೊಡುವವರಲ್ಲಿ ಮೇಷ್ಟರುಗಳೇ ಹೆಚ್ಚು. ನಾನೂ ಒಂದು ಕಾಲಕ್ಕೆ ಕೊಟ್ಟವನೇ. ನಾಲ್ಕು ಪುಟದ ಟಿಪ್ಪಣಿ ಕನ್ನಡದಲ್ಲೇ ಸಿದ್ಧವಿದೆ, ತಮ್ಮ ಕಚೇರಿ ಕೇಳಿದರೆ ಮರುದಿನವೇ ಅಂಚೆಗೆ ಹಾಕುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಮಾಜ ವಿಜ್ಞಾನದ ಒಬ್ಬ ಶಿಕ್ಷಕ