ಶಿರಸಿ ಶಾಸಕರಿಗೊಂದು ಬಹಿರಂಗ ಪತ್ರ: ಭತ್ತ ತೆನೆಯಾಗುವ ಮೊದಲೇ ಉರುಳು ತೆಗೆಸಿ

ಮಾನ್ಯ ಶಾಸಕರೇ,

ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಗಳಗಳಲ್ಲಿ, ಅಂದರೆ ಕಂದಕಗಳಲ್ಲಿ, ತೋಟದ ಬೇಲಿ ಕಂಡಿಗಳಲ್ಲಿ ತಂತಿ ಉರುಳುಗಳು ಕಾಣಿಸಿಕೊಳ್ಳುತ್ತವೆ. ಬಳಸುವುದು ಬೈಕಿನ ಹಳೇ ಕ್ಲಚ್ ವೈರು. ಹಂದಿಗೆಂದು ಇಟ್ಟದ್ದು ಅನ್ನುತ್ತಾರೆ. ಆದರೆ ಬರ್ಕ (ಮೊಲದಷ್ಟೇ ಗಾತ್ರದ ಪುಟ್ಟ ಜಿಂಕೆಯಂಥ ಪ್ರಾಣಿ), ಕಾಡುಕುರಿ, ಚಿರತೆ ಯಾವುದು ಬಂದರೂ ಉರುಳು ಬಿಗಿಯುತ್ತದೆ. ಮೇಯಲು ಬಿಟ್ಟ ದನದ ಕಾಲಿಗೂ.

ಚಿರತೆಯ ಪಾಡಂತೂ ಘೋರ. ತಲೆ, ಎದೆ ನುಸುಳಿ ಹೋಗಿ ತಂತಿ ಸೊಂಟಕ್ಕೆ ಕೂರುತ್ತದೆ, ಜಗ್ಗಿದಷ್ಟೂ ಒಳಗಿಳಿಯುತ್ತದೆ. ಹೊರಗೆ ಗೀರು ಗಾಯವಷ್ಟೇ ಕಂಡರೂ ರಕ್ತ ಓಡಾಡದ ಮಾಂಸ ಕೆಲವು ದಿನಗಳ ನಂತರ ಕೊಳೆಯಲು ಶುರುವಾಗುತ್ತದೆ. ತಂತಿ ಕತ್ತರಿಸಿ ಅಲ್ಲೇ ಬಿಟ್ಟರೆ, ಬದುಕಿತು ಎಂದು ನಾವು ಸಮಾಧಾನಪಟ್ಟುಕೊಂಡ ಪ್ರಾಣಿ ಕಾಡೊಳಗೆ ಹೋಗಿ ಸಾಯಬಹುದು. ಅರಿವಳಿಕೆ ಕೊಟ್ಟು ಬಿಡಿಸಿ, ವೈದ್ಯರ ನಿಗಾದಲ್ಲಿಡಬೇಕು. ಅದಕ್ಕೆ ಬೇಕಾದ ಪಶುವೈದ್ಯರು, ಅರಿವಳಿಕೆ ಬಂದೂಕು, ಬೋನು ಶಿರಸಿಯಲ್ಲೇ ಸಿದ್ಧವಿರಲಿ. ತಡವಾದಷ್ಟೂ ಜನ ಸೇರುತ್ತಾರೆ, ಗದ್ದಲಕ್ಕೆ ಬೆದರಿ ಅದು ಇನ್ನಷ್ಟು ಜಗ್ಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಒಡ್ಡುವುದು, ಹಿಡಿಯಲು ಪ್ರಯತ್ನಿಸುವುದು ಕೂಡ ಬೇಟೆಯೇ. ಅಂದರೆ ಖಾಲಿ ಉರುಳೂ ಅಪರಾಧ. ಚಿರತೆ, ಚಿಪ್ಪುಹಂದಿಯಂಥ ಒಂದನೇ ಅನುಸೂಚಿಯ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷ ಜೈಲು. ಪ್ರಾಣಿ ಸಾಯುವ ತನಕ ಕಾಯದೆ, ಉರುಳು ಸಿಕ್ಕಾಗಲೇ ಮಹಜರು ಆಗಬೇಕು.

ಸೆಪ್ಟೆಂಬರ್ ಕೊನೆಗೊಮ್ಮೆ, ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ಅರಣ್ಯ ಸಿಬ್ಬಂದಿ ಮತ್ತು ಗ್ರಾಮ ಅರಣ್ಯ ಸಮಿತಿ ಸೇರಿ ಬೇಲಿಗುಂಟ ನಡೆಯಲಿ. ಎರಡನೇ ಸುತ್ತು ಬಿಡುವಂತಿಲ್ಲ: ಇಟ್ಟವನು ಮರೆತರೂ ಉಕ್ಕಿನ ತಂತಿ ಕೊಳೆಯುವುದಿಲ್ಲ, ಬೇಸಿಗೆಯಲ್ಲಿ ನೀರಿಗಿಳಿಯುವ ಪ್ರಾಣಿಗೆ ಕಾದಿರುತ್ತದೆ. ಕಣ್ಣಿಗೆ ತಂತಿ ಬೀಳುವುದು ಕಷ್ಟ. ಕಂಡಿಯ ಎರಡೂ ಕಡೆ ಸೊಪ್ಪು, ಮುಳ್ಳು ಒಟ್ಟಿ ದಾರಿ ಕಿರಿದು ಮಾಡಿದ್ದರೆ, ಪಕ್ಕದ ಮರದ ಬುಡದಲ್ಲಿ ತೊಗಟೆ ಉಂಗುರದಂತೆ ಸವೆದಿದ್ದರೆ ಅಲ್ಲಿ ನಿಂತು ಉದ್ದದ ಕೋಲಿನಿಂದ ತಡವಬೇಕು. ತೆಗೆಯುವ ಮೊದಲು ಫೋಟೋ, ಜಾಗದ ಗುರುತು. ತೆಗೆದ ತಂತಿಯನ್ನು ಅಲ್ಲೇ ಎಸೆಯದೆ ಇಲಾಖೆಗೆ ಒಪ್ಪಿಸಬೇಕು.

ರೈತನ ಸಂಕಟ ಸುಳ್ಳಲ್ಲ. ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ಗದ್ದೆ ಉತ್ತು ಹಾಕುತ್ತದೆ. ಕಟಾವಾದ ಮೇಲೆ ಬಂದ ಅಧಿಕಾರಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ದೂರು ಬಂದ ವಾರದೊಳಗೆ ಸ್ಥಳ ಪರಿಶೀಲನೆ ಕಡ್ಡಾಯ ಮಾಡಿಸಿ, ಸೋಲಾರ್ ಬೇಲಿಯ ಸಹಾಯಧನ ಸಣ್ಣ ಹಿಡುವಳಿಗೂ ಸಿಗುವಂತೆ ನೋಡಿ. ಆಮೇಲೆ ಮಾಂಸ ಮಾರಲೆಂದೇ ಉರುಳಿಡುವವರಿಗೆ ಬೆಳೆಯ ನೆಪ ಇರುವುದಿಲ್ಲ.

ಅರಣ್ಯ ಸಹಾಯವಾಣಿ 1926 ಅನ್ನು ಪ್ರತಿ ಸೊಸೈಟಿ, ಹಾಲಿನ ಡೇರಿಯ ಗೋಡೆ ಮೇಲೆ ಬರೆಸಿ. ಮೊದಲ ಸುತ್ತು ಈ ವರ್ಷವೇ ನಡೆಯಲಿ.

ಇಂತಿ,
ಶಿರಸಿ ಸೀಮೆಯ ವನ್ಯಜೀವಿ ಆಸಕ್ತರು